ಒಂದು ಊರಿಗೆ ಒಂದೇ ಕ್ಯಾಂಪು

ವ್ಯಾನಿನ ಮೇಲಿಂದ ಕಬ್ಬಿಣದ ಮಡಚು ಕುರ್ಚಿಗಳನ್ನು ಇಳಿಸುವ ಖಣಖಣ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತೊಂಬತ್ತರ ದಶಕದಲ್ಲಿ ಚಾಮರಾಜನಗರದ ನಮ್ಮ ಸೇವಾ ಸಂಘ ಹಳ್ಳಿಗಳಲ್ಲಿ ಉಚಿತ ಆರೋಗ್ಯ ಕ್ಯಾಂಪು ನಡೆಸುತ್ತಿತ್ತು. ಮೊದಲು ಇಳಿಯುತ್ತಿದ್ದದ್ದು ಔಷಧಿಯ ಪೆಟ್ಟಿಗೆಯಲ್ಲ, ಗಣ್ಯರ ಕುರ್ಚಿ. ಆಮೇಲೆ ಬ್ಯಾನರು, ಆಮೇಲೆ ಫೋಟೋಗ್ರಾಫರು, ಆಮೇಲೆ ಗಣ್ಯರಿಗೆ ಉಪ್ಪಿಟ್ಟು. ಡಾಕ್ಟರು ಬಿ.ಪಿ. ನೋಡಲು ಕೂರುವ ಹೊತ್ತಿಗೆ, ಬೆಳಗಿನಿಂದ ಹೊಟ್ಟೆಗಿಲ್ಲದೆ ಕಾದ ಮುದುಕಿಯರು ಗೋಡೆಗೆ ಒರಗಿಬಿಟ್ಟಿರುತ್ತಿದ್ದರು. ನಮ್ಮ ಅಧ್ಯಕ್ಷರು ಅದನ್ನು 'ವೀಕ್‌ನೆಸ್' ಎಂದು ಕರೆದು ಒಂದೊಂದು ಟಾನಿಕ್ ಬಾಟಲಿ ಕೊಡಿಸುತ್ತಿದ್ದರು.

ಅಧ್ಯಕ್ಷರದು ಅರಿಸಿನದ ಮಂಡಿ. ಅವರದೊಂದು ರೂಲ್ ಇತ್ತು: ಒಂದು ಊರಿಗೆ ಒಂದೇ ಕ್ಯಾಂಪು. ಮುಂದಿನ ತಿಂಗಳು ಹೊಸ ಊರು, ಹೊಸ ಬ್ಯಾನರು. ಅದಕ್ಕೆ ಅವರಿಟ್ಟ ಹೆಸರು 'ಕವರೇಜ್'. ರೋಗ ಒಂದು ಭಾನುವಾರದಲ್ಲಿ ಮುಗಿಯದಿದ್ದರೆ ಅದು ರೋಗಿಯ ತಪ್ಪು. ಇನ್ನೊಂದು ರೂಲೂ ಇತ್ತು. ಉಚಿತ ಕ್ಯಾಂಪು ಎಂದ ಮೇಲೆ ಡಾಕ್ಟರು ಹೊರಗಿನ ಅಂಗಡಿಗೆ ಚೀಟಿ ಬರೆಯಬಾರದು. ಸಂಘದ ಮರ್ಯಾದೆ ಏನಾಗಬೇಕು?

ಪುಣಜನೂರಿನ ಕ್ಯಾಂಪಿಗೆ ತಾಯಿಯೊಬ್ಬಳು ಮಗಳನ್ನು ಕರೆತಂದಿದ್ದಳು. ಹುಡುಗಿಗೆ ಮೂರ್ಛೆ ರೋಗ. ಗುಂಡ್ಲುಪೇಟೆ ಕಡೆಗೆ ಮದುವೆಯಾಗಿ ಹೋಗಿದ್ದವಳು, ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡ ಮೇಲೆ ತವರಿಗೆ ವಾಪಸಾಗಿದ್ದಳು. ಯುಗಾದಿಯವರೆಗೆ ಬೀಳದೆ ಇದ್ದರೆ ಕರೆಸಿಕೊಳ್ಳುತ್ತೇವೆ, ಬಿದ್ದರೆ ಹುಡುಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದಿದ್ದರಂತೆ ಅತ್ತೆ ಮನೆಯವರು. ಮೈಸೂರಿನಿಂದ ಬರುತ್ತಿದ್ದ ನಮ್ಮ ಡಾಕ್ಟರು ಮಾತ್ರೆ ಕೊಟ್ಟು, "ಒಂದು ದಿನವೂ ತಪ್ಪಿಸಬೇಡ, ವರ್ಷಗಟ್ಟಲೆ ತಗೋಬೇಕು" ಎಂದರು. ಕೊಟ್ಟದ್ದು ಒಂದು ತಿಂಗಳಿಗೆ.

ಮುಂದಿನ ತಿಂಗಳು ತೆರಕಣಾಂಬಿಯಲ್ಲಿ ವ್ಯಾನು ನಿಂತಾಗ, ತಾಯಿ ಮಗಳು ಆಗಲೇ ಶಾಲೆಯ ಜಗಲಿಯ ಮೇಲೆ ಕೂತಿದ್ದರು. ಬಸ್ಸು ಬದಲಾಯಿಸಿಕೊಂಡು ಬಂದಿದ್ದರು.

"ಇಲ್ಲೇ ಕ್ಯಾಂಪು ಅಂತ ಹೇಗೆ ಗೊತ್ತಾಯ್ತು?" ಎಂದೆ.

"ಕಂಡಕ್ಟ್ರು ಯೋಳುದ್ರು ಕನ್ರವ್ವ," ಎಂದಳು ತಾಯಿ. "ಮಾತ್ರೆ ನುಂಗ್ದಾಗಿಂದ ಒಂದ್ ಕಿತಾನೂ ಬಿದ್ದಿಲ್ಲ. ನೀವ್ ಎಲ್ಲಿಗೋದ್ರೂ ನಾವೂ ಬತ್ತೀವಿ."

"ಮದ್ವೆಯಾದಾಗ್ಲೂ ಇಷ್ಟೂರು ನೋಡಿರ್ನಿಲ್ಲ ಕನವ್ವ," ಎಂದು ಹುಡುಗಿ ನಕ್ಕಳು.

ಹೀಗೆ ಅವರು ನಮ್ಮ ಬ್ಯಾನರಿನ ಹಿಂದೆ ಊರೂರು ಅಲೆದರು. ಅಧ್ಯಕ್ಷರಿಗೆ ಕಸಿವಿಸಿ. ಪ್ರತಿ ಫೋಟೋದಲ್ಲೂ ಹುಡುಗಿಯ ಅದೇ ಹಸಿರು ಸೀರೆ, ಅದೇ ಮುಖ. ನೋಡಿದ ದಾನಿಗಳು ಏನೆಂದುಕೊಂಡಾರು? ಮೊದಲು ಅವಳನ್ನು ಹಿಂದಿನ ಸಾಲಿಗೆ ಕೂರಿಸಿದರು. ಬಂಡೀಪುರದ ಹತ್ತಿರದ ಊರಿಗೂ ಅವಳು ಬಂದಾಗ ತಡೆಯಲಾರದೆ ಹೋದರು.

"ಏನಮ್ಮಾ, ನೀನೇನು ನಮ್ಮ ಸಂಘದ ಮೆಂಬರ್ರಾ? ಹೋದ ಕಡೆಯೆಲ್ಲ ಹಾಜರು. ಇದು ಈ ಊರಿನವರ ಕ್ಯಾಂಪು."

"ಕಾಯ್ಲೆ ನನ್ ಜೊತೇಲೇ ಬತ್ತದಲ್ಲ ಬುದ್ಧಿ," ಎಂದಳು ಹುಡುಗಿ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೋಡಿ ಮೇಡಂ, ಪುಣಜನೂರು ಆಲ್ರೆಡಿ ಕವರ್ ಆಗಿದೆ. ಒಬ್ಬಳಿಗೇ ಕೊಡ್ತಾ ಕೂತರೆ ನಂಬರ್ ಹೇಗೆ ಏರತ್ತೆ?"

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ನಯವಾಗಿ ಜಗಳವಾಡುವುದನ್ನು ಕಲಿಸಿದ್ದರು. "ವಿತ್ ಡ್ಯೂ ರೆಸ್ಪೆಕ್ಟ್, ಸರ್," ಎಂದೆ, "ಅರಿಸಿನವನ್ನು ಅರೆಬೆಂದಾಗಲೇ ಹಂಡೆಯಿಂದ ತೆಗೆದು ತಂದರೆ ನಿಮ್ಮ ಮಂಡಿಯಲ್ಲಿ ಕೊಳ್ಳುತ್ತೀರಾ? ಈ ಹುಡುಗಿಗೆ ಅಷ್ಟಾದರೂ ಬೆಲೆ ಕೊಡಿ."

"ಮೇಡಂ ಭಾಳ ಸೆಂಟಿಮೆಂಟಲ್," ಎಂದು ನಕ್ಕು ಅವರು ಉಪ್ಪಿಟ್ಟಿನ ಕಡೆ ನಡೆದರು. ಆ ನಗುವನ್ನು ನಾನು ಈವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ಡಾಕ್ಟರ ಮುಂದೆ ಬಿಳಿ ಹಾಳೆ ಇಟ್ಟು, "ಬರೀರಿ" ಎಂದೆ. ಅವರೊಮ್ಮೆ ಅಧ್ಯಕ್ಷರ ಬೆನ್ನು ನೋಡಿ, ತಲೆ ತಗ್ಗಿಸಿ, ಮಾತ್ರೆಯ ಹೆಸರನ್ನು ಬಿಡಿಬಿಡಿ ಅಕ್ಷರಗಳಲ್ಲಿ ಬರೆದರು. "ಇದೇನು ದುಬಾರಿ ಮಾತ್ರೆಯಲ್ಲ ಮೇಡಂ. ಗುಂಡ್ಲುಪೇಟೆಯಲ್ಲೇ ಸಿಗತ್ತೆ," ಎಂದರು. ಸಂಘದ ಮರ್ಯಾದೆ ಉಳಿಸಲು ಅವರು ಆ ಒಂದು ಮಾತನ್ನು ಅಷ್ಟು ದಿನ ನುಂಗಿಕೊಂಡಿದ್ದರು. ಚೀಟಿಯನ್ನು ತಾಯಿಯ ಕೈಗೆ ಕೊಟ್ಟು, ಎಲ್ಲಿ ತೋರಿಸಬೇಕೆಂದು ಹೇಳಿ ಬಸ್ಸು ಹತ್ತಿಸಿದೆ. ಆಮೇಲಿನ ಕ್ಯಾಂಪುಗಳಿಗೆ ತಾಯಿ ಮಗಳು ಬರಲಿಲ್ಲ. ಸ್ವಲ್ಪ ದಿನಕ್ಕೆ ನಾನೂ ಹೋಗುವುದನ್ನು ಬಿಟ್ಟೆ. ಅಧ್ಯಕ್ಷರ ಫೋಟೋಗಳು ಆಮೇಲೆ ಬಹಳ ಚೆನ್ನಾಗಿ ಬಂದವೆಂದು ಕೇಳಿದೆ.

ಆ ಹುಡುಗಿಯನ್ನು ನಾನು ಕೊನೆಯ ಸಲ ಕಂಡದ್ದು ಯುಗಾದಿ ಕಳೆದ ಮೇಲೆ, ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಸ್ಟೋರಿನಲ್ಲಿ. ಪಕ್ಕದಲ್ಲಿ ಗಂಡ. ಖಾಲಿ ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟು, "ಇದೇ ಬೇಕು ಕಣಣ್ಣ, ಬೇರೆದ್ ಗೀರೆದ್ ಕೊಟ್ಬುಟ್ಟೀಯ" ಎನ್ನುತ್ತಿದ್ದವನು ಅವನೇ. ಅವಳು ನನ್ನನ್ನು ನೋಡಿದಳು, ಗುರುತೂ ಹಿಡಿದಳು. ಮಾತಾಡಿಸಲಿಲ್ಲ. ನಮ್ಮ ಸಂಘದ ನೆನಪು ತರುವ ಮುಖವನ್ನು ಅವಳು ಯಾಕೆ ಮಾತಾಡಿಸಬೇಕು? ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬಿರ್ರನೆ ಬನ್ನಿ, ಬಸ್ಸು ಒಂಟೋಯ್ತದೆ" ಎಂದು ಗಂಡನನ್ನು ಗದರುತ್ತ ರಸ್ತೆ ದಾಟಿದಳು.