ಕೊನೆಗೆ ಬಂದವರ ಮಾತು ಮೊದಲು

ಗಜೇಂದ್ರಗಡಕ್ಕೆ ಬಂದ ಎರಡನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಇಳಕಲ್ ಸೀರೆಯನ್ನು ಮೇಲೆತ್ತಿ ಕಟ್ಟಿ, ಕಾಲಿಗೆ ಮಗನ ಬೂಟು ಹಾಕಿಕೊಂಡ ಹೆಂಗಸೊಬ್ಬಳು ಮೂವತ್ತು ಜನರ ಎದುರಿಗೆ ನಿವೃತ್ತ ಮೇಷ್ಟ್ರೊಬ್ಬರನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ನೋಡಿ ನಾನು ದಂಗಾಗಿಬಿಟ್ಟೆ.

"ಮಾಸ್ತರ, ಎರಡನೇ ನೀರಿನ ಜಾಗಾದಾಗ ಗ್ಲಾಸ ಇರಲಿಲ್ಲ, ಬೊಗಸಿ ಹಿಡದ ಕುಡದ್ವಿ. ಹಳ್ಳದ ಹತ್ರ ನಾಯಿ ಬೆನ್ನ ಹತ್ತಿದ್ವು. ಅಲ್ಲಿ ಒಬ್ರನ್ನ ನಿಂದರಸಬೇಕಿತ್ತು. ಯಾಕ ನಿಂದರಸಲಿಲ್ಲ?"

ಮೇಷ್ಟ್ರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆಕೆ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಇನ್ನೇನು ಜಗಳ ಜೋರಾಗುತ್ತದೆ, ನಾನು ಮೆಲ್ಲಗೆ ಜಾಗ ಖಾಲಿ ಮಾಡಬೇಕು ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ರೋಣದ ಬಟ್ಟೆ ವ್ಯಾಪಾರಿ ನನ್ನ ಗಾಬರಿ ನೋಡಿ ನಕ್ಕರು. "ಜಗಳಲ್ರಿ ಅಕ್ಕಾರ. ಹೋದ ವಾರದ ಓಟ ಹ್ಯಾಂಗಾತು ಅಂತ ಹೇಳಾಕತ್ಯಾಳ."

ಇಲ್ಲಿ ಹೆಣ್ಣು ಮೇಷ್ಟ್ರುಗಳನ್ನು ಅಕ್ಕಾರ ಅನ್ನುತ್ತಾರೆ. ನಾನು ಮೈಸೂರಿನಿಂದ ಇಲ್ಲಿನ ಕಾಲೇಜಿಗೆ ವರ್ಗವಾಗಿ ಬಂದವಳು, ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಗಂಡ ಮತ್ತು ಪಿಯುಸಿ ಓದುವ ಮಗಳು ಮೈಸೂರಿನಲ್ಲೇ ಇದ್ದಾರೆ. ಇಲ್ಲಿ ಮನೆ ಹುಡುಕುವಾಗ ಬಾಗಿಲು ಬಾಗಿಲಿಗೂ ಕೇಳಿದ ಪ್ರಶ್ನೆ ಒಂದೇ: "ಒಬ್ಬಾಕಿನ ಇರ್ತೀರೇನ್ರಿ?" ಮೈಸೂರಿನಲ್ಲಿ ಆ ಪ್ರಶ್ನೆ ಕೇಳಿದರೆ ಮನೆ ಕೊಡುವುದಿಲ್ಲ ಎಂದೇ ಅರ್ಥ. ಇಲ್ಲಿ ಹಾಗೆ ಕೇಳಿದ ಮನೆಯವರೇ ಮನೆ ಕೊಟ್ಟರು. ಕೊಟ್ಟ ದಿನದಿಂದ ಮಧ್ಯಾಹ್ನ ಒಂದು ತಟ್ಟೆ ಜೋಳದ ರೊಟ್ಟಿ, ಪುಂಡಿಪಲ್ಯ ಕಳಿಸುತ್ತಾರೆ. ಪುಂಡಿಪಲ್ಯ ಅಂದರೆ ನಮ್ಮ ಕಡೆಯ ಹುಳಿಸೊಪ್ಪಿನಂಥದ್ದು, ಹುಳಿ ಮಾತ್ರ ನೆತ್ತಿಗೇರುವಷ್ಟು. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡೆ. ಈಗ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ.

ಆದರೂ ಮೊದಲ ತಿಂಗಳು ಒಂಟಿತನ ಹಿಂಡಿಹಾಕಿತು, ಸುಳ್ಳು ಯಾಕೆ ಹೇಳಲಿ. ಮೈಸೂರಿನಲ್ಲಿ ಎತ್ತ ನೋಡಿದರೂ ಮರ, ಕಣ್ಣು ಹತ್ತು ಮಾರಿಗೇ ನಿಂತುಬಿಡುತ್ತದೆ. ಇಲ್ಲಿ ಕರಿ ಮಣ್ಣಿನ ಎರೆ ಹೊಲ ಶುರುವಾದರೆ ಮುಗಿಯುವುದೇ ಇಲ್ಲ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಇಷ್ಟು ದೊಡ್ಡ ಆಕಾಶದ ಕೆಳಗೆ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ ಅನ್ನಿಸಿದಾಗ ಬೂಟು ಕಟ್ಟಿಕೊಂಡು ಓಡಲು ಹೊರಟವಳು ನಾನು. ಹಾಗೆ ಸಿಕ್ಕಿದ್ದು ಈ ಓಟದ ಬಳಗ. ಗಜೇಂದ್ರಗಡ, ರೋಣ, ನರಗುಂದದ ಜನ ಕೂಡಿ ಕಟ್ಟಿಕೊಂಡದ್ದು. ತಿಂಗಳಿಗೊಂದು ದೊಡ್ಡ ಓಟ, ಉಳಿದ ಭಾನುವಾರ ಅಭ್ಯಾಸ.

ಬೈಸಿಕೊಂಡ ಮೇಷ್ಟ್ರು ಕಳಕಪ್ಪ ಮಾಸ್ತರು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದವರು, ಬಳಗದ ಹಿರಿಯರು. ಬೈದಾಕೆ ಪಕ್ಕದ ಹಳ್ಳಿ ರಾಜೂರದ ಶಾಂತವ್ವ. ಬಳಗದ ಕಟ್ಟಳೆ ಹೀಗಿದೆ: ದೊಡ್ಡ ಓಟ ಮುಗಿದ ಮುಂದಿನ ಭಾನುವಾರ ಎಲ್ಲರೂ ಸಾಲಿಯ ಬಯಲಿನ ಬೇವಿನ ಮರದ ಕೆಳಗೆ ಕೂಡಬೇಕು. ಸಾಲಿ ಅಂದರೆ ಶಾಲೆ. ಅಲ್ಲಿ ಮೊದಲು ಮಾತಾಡಬೇಕಾದವರು ಓಟದಲ್ಲಿ ಎಲ್ಲರಿಗಿಂತ ಕೊನೆಗೆ ಬಂದವರು. ಆಮೇಲೆ ಅವರ ಮುಂದಿದ್ದವರು. ಮೊದಲು ಬಂದವನ ಸರದಿ ಎಲ್ಲರದೂ ಮುಗಿದ ಮೇಲೆ. ಓಟ ನಡೆಸಿದವರು ಎದುರು ಮಾತಾಡುವಂತಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೇ.

ಇದೇನು ಪದ್ಧತಿ ಅಂತ ಮಾಸ್ತರನ್ನು ಕೇಳಿದ್ದೆ. "ಮೊದಲ ಬಂದವರಿಗೆ ನೀರೂ ಸಿಗತೈತಿ, ಚಪ್ಪಾಳಿನೂ ಸಿಗತೈತಿ. ಅವರನ್ನ ಕೇಳಿದ್ರ ಎಲ್ಲಾ ಚಲೋನ ಅಂತಾರ. ಏನ ಕಮ್ಮಿ ಬಿತ್ತು ಅನ್ನೂದು ಹಿಂದ ಉಳದವರಿಗೆ ಗೊತ್ತರಿ" ಅಂದರು. ಕೇಳಲು ಚೆನ್ನಾಗಿತ್ತು. ಆದರೆ ನಾನು ಒಳಗೊಳಗೇ ನಕ್ಕೆ. ಮೈಸೂರಿನ ನಮ್ಮ ಓಟಗಳಲ್ಲಿ ಮೊಬೈಲಿಗೆ ಒಂದು ನಮೂನೆ ಬರುತ್ತದೆ, ಐದು ನಕ್ಷತ್ರ ಒತ್ತಿದರೆ ಕೆಲಸ ಮುಗಿಯಿತು. ಮುಖಕ್ಕೆ ಮುಖ ಕೊಟ್ಟು ಯಾರು ನಿಜ ಹೇಳುತ್ತಾರೆ? ಈ ಜನಕ್ಕೆ ಸ್ವಲ್ಪ ಶಾಸ್ತ್ರೀಯವಾಗಿ ಕಲಿಸಿಕೊಡಬೇಕು ಅಂದುಕೊಂಡೆ ನಾನು, ಮಹಾಮೇಧಾವಿ.

ಆ ಹೊತ್ತಿಗೆ ಶಾಂತವ್ವನ ಸೊಸೆ ರೇಖಾಳ ಓಟ ನನ್ನ ಕಣ್ಣಿಗೆ ಬಿದ್ದಿತ್ತು. ಅವಳು ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದಳು. ಲಿಖಿತ ಪರೀಕ್ಷೆ ದಾಟಿದ್ದಳು, ಉಳಿದದ್ದು ಓಟ. ಬೆಳಗಿನ ಜಾವ ಸೊಸೆಯೊಬ್ಬಳೇ ರಸ್ತೆಯಲ್ಲಿ ಓಡುವುದಕ್ಕೆ ಮಾವ ಒಪ್ಪಿರಲಿಲ್ಲ. "ನಾನೂ ಓಡ್ತೀನಿ ತಗೋ ಹಂಗಾರ" ಅಂತ ಅತ್ತೆಯೇ ಬೂಟು ಹಾಕಿದ್ದಳು. ಅತ್ತೆಗೆ ಓಟ ಅಂದರೆ ಬಿರುಸಾದ ನಡಿಗೆ. ಹಾಗಾಗಿ ರೇಖಾ ಮುಂದಿನ ತಿರುವಿನತನಕ ಓಡುತ್ತಾಳೆ, ತಿರುಗಿ ಅತ್ತೆಯ ಹತ್ತಿರ ಬರುತ್ತಾಳೆ, ಮತ್ತೆ ಓಡುತ್ತಾಳೆ. ಎಲ್ಲರೂ ಓಡಿದ್ದರ ಎರಡರಷ್ಟು ಓಡಿ, ಬಳಗದಲ್ಲೇ ಜೋರಾಗಿ ಓಡುವ ಹುಡುಗಿ ಪ್ರತಿ ಸಲ ಕೊನೆಯವಳಾಗಿ ಅತ್ತೆಯ ಕೈಹಿಡಿದು ಬರುತ್ತಿದ್ದಳು. ಇಂಥದ್ದನ್ನು ನಾನು ಮೈಸೂರಿನಲ್ಲಿ ಇಷ್ಟು ವರ್ಷ ಓಡಿಯೂ ಕಂಡಿರಲಿಲ್ಲ.

ಮಾಸ್ತರು ಸಂಬಂಧಿಕರ ಮದುವೆಗೆ ಹೋಗಬೇಕಾಗಿ ಬಂದ ತಿಂಗಳು ದೊಡ್ಡ ಓಟದ ಹೊಣೆಯನ್ನು ನನಗೆ ಒಪ್ಪಿಸಿದರು. ನಾನು ಮೈಸೂರಿನ ಅಚ್ಚುಕಟ್ಟುತನವನ್ನೆಲ್ಲ ಸುರಿದೆ. ರಾಜೂರ ರಸ್ತೆಗುಂಟ ಹೋಗಿ, ಹೊಲದ ಬಂಡಿದಾರಿ ಹಿಡಿದು, ಸುತ್ತು ಹಾಕಿ ಸಾಲಿಯ ಬಯಲಿಗೇ ಬರುವ ಹೊಸ ಹಾದಿ. ಕವಲಿನಲ್ಲೆಲ್ಲ ಕಾಗದದ ಬಾಣದ ಗುರುತು. ಒಂಬತ್ತಕ್ಕೆ ಸರಿಯಾಗಿ ಮುಕ್ತಾಯ, ಹಾದಿಯಲ್ಲಿ ಒಂದು ಕಾಗದದ ಚೂರೂ ಉಳಿಯಬಾರದು. ಒಂಬತ್ತಾಯಿತು. ಬಾಣಗಳನ್ನು ಬಿಚ್ಚಿಸಿದೆ, ಹಾದಿ ತೋರಿಸಲು ನಿಂತಿದ್ದವರನ್ನು ಕರೆಸಿಕೊಂಡೆ, ಉಪ್ಪಿಟ್ಟು ಹಂಚಿಸಿದೆ. ಬರದಿದ್ದವರು ಬಸ್ಸು ಹಿಡಿದು ಮನೆ ಸೇರಿರುತ್ತಾರೆ ಅಂದುಕೊಂಡೆ. ಮೈಸೂರಿನಲ್ಲಿ ಹಾಗೇ ಮಾಡುತ್ತಾರೆ.

ಉಪ್ಪಿಟ್ಟಿನ ಜೊತೆಗೇ ಅಭಿಪ್ರಾಯದ ನಮೂನೆ ಕೊಟ್ಟೆ. ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದೆ: ದಯವಿಟ್ಟು ಹೆಸರು ಬರೆಯಬೇಡಿ. ಬಟ್ಟೆ ವ್ಯಾಪಾರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೆಸರಿಲ್ಲದ ಕಾಗದ ಬರದು ಯಾರ ಮ್ಯಾಲ ಚಾಡಿ ಹೇಳೂದೈತ್ರಿ ಅಕ್ಕಾರ?" ಅಂದವರೇ ತಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆದು ಕೆಳಗೆ ಸಹಿ ಜಡಿದರು. ಅವರನ್ನು ನೋಡಿ ಎಲ್ಲರೂ ಹಾಗೇ ಮಾಡಿದರು. ಮುಕ್ಕಾಲು ಕಾಗದಗಳಲ್ಲಿ ಇದ್ದದ್ದು ಒಂದೇ ಮಾತು: "ಭಾಳ ಚಲೋ ಆತು. ಉಳಿದದ್ದು ಎದುರಿಗಿ ಹೇಳ್ತೇವಿ."

ಎದುರಿಗೆ ಹೇಳುವ ಪ್ರಸಂಗವನ್ನೇ ನಾನು ಇಡಲಿಲ್ಲ. ಅಭಿಪ್ರಾಯ ಬಂದಾಗಿದೆ, ಈ ಸಲ ಮರದ ಕೆಳಗೆ ಕೂಡುವುದು ಬೇಡ ಎಂದು ಎಲ್ಲರ ಮೊಬೈಲಿಗೂ ಸಂದೇಶ ಕಳಿಸಿದೆ. ಸೋಮವಾರ ಸಾಲಿಯ ಸಿಪಾಯಿ, ಅಂದರೆ ಜವಾನ, ಬಂದು, ಯಾರೋ ಬಿಟ್ಟುಹೋಗಿದ್ದಾರೆ ಎಂದು ಒಂದು ಬಟ್ಟೆಯ ಚೀಲ ಕೊಟ್ಟ. ಅದನ್ನು ಕಪಾಟಿನಲ್ಲಿಟ್ಟು ಮರೆತೆ.

ಮುಂದಿನ ಭಾನುವಾರ ಅತ್ತೆ ಸೊಸೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ರೇಖಾಳ ಓಟದ ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಊರಿನಿಂದ ಮರಳಿದ ಮಾಸ್ತರಿಗೆ ನನ್ನ ನಮೂನೆಗಳ ಕಟ್ಟು ತೋರಿಸಿ, ಎಲ್ಲರೂ ಮೆಚ್ಚಿದ್ದಾರೆ ನೋಡಿ ಅಂದೆ. ಅವರು ಒಂದೊಂದೇ ಹಾಳೆ ತಿರುವಿ, "ಕೊನೀಗೆ ಬಂದವರದು ಯಾವುದ್ರಿ?" ಎಂದು ಕೇಳಿದರು.

ಕಟ್ಟಿನಲ್ಲಿ ಅದು ಇರಲೇ ಇಲ್ಲ. ಒಂಬತ್ತರ ಒಳಗೆ ಬಂದವರಿಗೆ ಮಾತ್ರ ಕಾಗದ ಕೊಟ್ಟಿದ್ದೆ. ಉಳಿದುಹೋದವರನ್ನು ಬಿಟ್ಟು ಲೆಕ್ಕ ಹಾಕಬೇಡಿ ಎಂದು ವರ್ಷ ವರ್ಷ ಹಲಗೆಯ ಮೇಲೆ ಬರೆದು ಮಕ್ಕಳಿಗೆ ಪಾಠ ಮಾಡುವವಳು ನಾನು! ಮನೆಗೆ ಬಂದು ಆ ಚೀಲ ಬಿಚ್ಚಿದೆ. ಅತ್ತೆ ಸೊಸೆಯ ಎರಡು ಜೊತೆ ಚಪ್ಪಲಿ, ಬುತ್ತಿಯ ಗಂಟು, ಒಂದು ಮೊಬೈಲು. ಬುತ್ತಿಗೆ ಬೂಷ್ಟು ಹಿಡಿದಿತ್ತು. ನಾಚಿಕೆಯಿಂದ ಅಲ್ಲೇ ಕೂತೆ.

ಮರುದಿನ ಬಸ್ಸು ಹತ್ತಿ ರಾಜೂರಕ್ಕೆ ಹೋದೆ. ಶಾಂತವ್ವ ಅಂಗಳದಲ್ಲಿ ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದಳು. ಶೇಂಗಾ ಅಂದರೆ ನಮ್ಮ ಕಡಲೆಕಾಯಿ. ಚೀಲ ನೋಡಿದಳು, ನನ್ನನ್ನು ನೋಡಿದಳು. "ಬರ್ರಿ ಅಕ್ಕಾರ, ಕುಂದರ್ರಿ. ನೀರ ಕುಡೀರಿ ಮೊದಲ."

ನೀರು ಕುಡಿದೆ. ನನ್ನಿಂದ ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಬಂಡಿದಾರಿ ಕವಲಿನಾಗ ಬಾಣ ಇರಲಿಲ್ರಿ. ಎಡಕ್ಕ ಹೋದ್ವಿ, ಕಲ್ಲಿನ ಕ್ವಾರಿ ಬಂತು. ಅಲ್ಲಿ ಗಂಡಸರು, ಏನಬೇ ಮುದುಕಿ, ಯಾರ ಬೆನ್ನ ಹತ್ತೀ ಅಂತ ನಕ್ರು. ಹೊಳ್ಳಿ ಬಂದು ಸಾಲಿ ಮುಟ್ಟೂದ್ರಾಗ ಹತ್ತೂವರಿ. ಗೇಟಿಗಿ ಕೀಲಿ ಹಾಕಿತ್ತು. ಚೀಲ ಒಳಗ. ಇಡೀ ಊರ ನೋಡೂವಾಗ ಬಿಸಲಾಗ ನಡಕೋತ ಮನಿಗಿ ಬಂದ್ವಿ. ನಮ್ಮ ಮನಿಯವರು ಒಂದ ಮಾತ ಅಂದ್ರು: ನಿಮ್ಮ ಬಳಗದವರ ನಿಮ್ಮನ್ನ ಬಿಟ್ಟ ಹೋಗ್ಯಾರ, ಇನ್ನ ಸಾಕು ಮಾಡ್ರಿ. ನಾ ಏನ ಹೇಳ್ಲಿ? ಅವರಂದಿದ್ದು ಖರೇನ ಇತ್ತಲ್ರಿ."

ರೇಖಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎರಡು ವಾರದಿಂದ ಓಡಿರಲಿಲ್ಲ. ಕಣ್ಣು ಬಾತಿದ್ದವು. ನನ್ನ ಅಚ್ಚುಕಟ್ಟುತನ ಒಂದು ಹುಡುಗಿಯ ನೌಕರಿಗೇ ಕುತ್ತು ತಂದಿತ್ತು.

"ಕ್ಷಮಿಸಿ ಶಾಂತವ್ವ" ಅಂದೆ. 

"ನನ್ನ ಅಂಗಳದಾಗ ಅಂದ್ರ ಏನ ಬಂತ್ರಿ? ನಮ್ಮನ್ನ ಬಿಟ್ಟಿದ್ದು ಬಳಗದಾಗ. ಮರದ ಕೆಳಗ ಕೂಡಸ್ರಿ, ನಾ ಹೇಳೂದು ಹೇಳ್ತೀನಿ. ಇವರೂ ಬಂದು ಕೇಳ್ಲಿ."

ಭಾನುವಾರ ಮರದ ಕೆಳಗೆ ಕೂಡಿಸಿದೆ. ಜೀವನದಲ್ಲಿ ಯಾವ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಶಾಂತವ್ವನ ಗಂಡ ಬೈಕಿನಲ್ಲಿ ಇಬ್ಬರನ್ನೂ ಕರೆತಂದು, ದೂರದಲ್ಲೇ ಕೈಕಟ್ಟಿ ನಿಂತರು. ಶಾಂತವ್ವ ಎದ್ದು ಬಾಣ, ಕ್ವಾರಿ, ಕೀಲಿ, ಬಿಸಿಲು, ಒಂದನ್ನೂ ಬಿಡದೆ ಹೇಳಿದಳು. ದನಿ ಏರಿಸಲಿಲ್ಲ. ಒಂದು ಮಾತನ್ನು ಹೆಚ್ಚಿಗೆ ಸೇರಿಸಲೂ ಇಲ್ಲ. ಕಟ್ಟಳೆಯಂತೆ ನಾನು ಉತ್ತರ ಕೊಡದೆ ಬರೆದುಕೊಂಡೆ. ಮೈಸೂರಿನಲ್ಲಾಗಿದ್ದರೆ ಯಾರೋ ಒಬ್ಬರು ಹೆಸರಿಲ್ಲದೆ ಒಂದು ನಕ್ಷತ್ರ ಒತ್ತಿರುತ್ತಿದ್ದರು, ಯಾರಪ್ಪಾ ಇವರು ಎಂದು ನಾನು ಸಿಟ್ಟು ಮಾಡಿಕೊಂಡು ಸುಮ್ಮನಾಗಿರುತ್ತಿದ್ದೆ. ಇಲ್ಲಿ ತಪ್ಪು ಅನುಭವಿಸಿದವಳು ನನ್ನ ಮಾರಿ ನೋಡುತ್ತ ಮಾತಾಡುತ್ತಿದ್ದಳು. ಮಾರಿ ಅಂದರೆ ಇಲ್ಲಿ ಮುಖ. ಆ ಕಣ್ಣಿನಲ್ಲಿ ಹಗೆ ಇರಲಿಲ್ಲ. ಅದೇ ನನ್ನನ್ನು ಅಲ್ಲಾಡಿಸಿದ್ದು. ಇಂಥ ಬೈಗುಳವೂ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಎಲ್ಲರದೂ ಮುಗಿದ ಮೇಲೆ ಎದ್ದು ನಿಂತು, ತಪ್ಪು ನನ್ನದು, ಬಳಗದ್ದಲ್ಲ ಎಂದು ಶಾಂತವ್ವನ ಗಂಡನ ಕಡೆ ತಿರುಗಿಯೇ ಹೇಳಿದೆ. ಅವರು ಎರಡು ಹೆಜ್ಜೆ ಹತ್ತಿರ ಬಂದರು. "ಅಕ್ಕಾರ, ಆತು ಬಿಡ್ರಿ. ಇನ್ನ ಮ್ಯಾಲ ಈಕಿನ್ನ ಯಾರ ನೋಡ್ಕೋತೀರಿ?"

"ನಾನು" ಅಂದೆ. "ಶಾಂತವ್ವನ ಜೊತೆ ನಾನು ಓಡ್ತೀನಿ. ರೇಖಾ ಹಿಂದಿರುಗಿ ಬರೋದು ಬೇಡ."

ಅವರು ತಲೆಯಾಡಿಸಿದರು. ಮರುದಿನದಿಂದಲೇ ಶುರು. ಬೆಳಗಿನ ಮೊದಲ ಬಸ್ಸಿಗೆ ನಾನು ರಾಜೂರಕ್ಕೆ ಹೋಗಿ ಇಳಿದರೆ, ಅತ್ತೆ ಸೊಸೆ ರಸ್ತೆಯ ಬದಿಗೆ ನಿಂತಿರುತ್ತಿದ್ದರು. ಮೊದಲ ದಿನ ರೇಖಾ ತಿರುವಿನತನಕ ಓಡಿ, ಅಭ್ಯಾಸಬಲದಿಂದ ನಿಂತು ಹಿಂದೆ ನೋಡಿದಳು. "ಓಡಲೇ ನಮ್ಮವ್ವಾ, ಅಕ್ಕಾರ ಅದಾರ!" ಎಂದು ಶಾಂತವ್ವ ಕೂಗಿದಳು. ಹುಡುಗಿ ತಿರುಗಿ ಓಡಿದಳು ನೋಡಿ! ಕರಿ ನೆಲದ ನಡುವಿನ ನೇರ ರಸ್ತೆಯಲ್ಲಿ ಚಿಕ್ಕದಾಗುತ್ತ ಆಗುತ್ತ ಒಂದು ಚುಕ್ಕೆಯಾದಳು. ಅವಳಲ್ಲಿ ಅಷ್ಟು ವೇಗವಿತ್ತೆಂದು ಅತ್ತೆಗೂ ಗೊತ್ತಿರಲಿಲ್ಲ. ನಾವಿಬ್ಬರೂ ರಸ್ತೆಯ ಮಧ್ಯೆ ಬಾಯಿಬಿಟ್ಟುಕೊಂಡು ನಿಂತೆವು. ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಹತ್ತಿರ ಸೆರಗಿರಲಿಲ್ಲ, ತೋಳಿನಿಂದ ಒರೆಸಿಕೊಂಡೆ.

ಕಳೆದ ವಾರ ಗದಗಿನಲ್ಲಿ ಅವಳ ಓಟದ ಪರೀಕ್ಷೆ. ಮಗಳ ಪರೀಕ್ಷೆಯೂ ಅದೇ ವಾರ ಬಿದ್ದು ನಾನು ಮೈಸೂರಿಗೆ ಬರಬೇಕಾಯಿತು. ಅಂದು ಸಂಜೆ ದೋಸೆ ಹುಯ್ಯುತ್ತಿದ್ದೆ, ಫೋನು ಬಂತು. "ಅಕ್ಕಾರ, ಪಾಸಾದ್ನಿರಿ!" ರೇಖಾ ಅಳುತ್ತಿದ್ದಳೋ ನಗುತ್ತಿದ್ದಳೋ. ನಾನು ಸೌಟು ಹಿಡಿದುಕೊಂಡೇ ಕಿರುಚಿದೆ. ಗಂಡ, ಮಗಳು ಓಡಿ ಬಂದರು. ದೋಸೆ ಸೀದುಹೋಯಿತು.

ಆಮೇಲೆ ಶಾಂತವ್ವ ಫೋನು ತೆಗೆದುಕೊಂಡಳು. "ಮೈದಾನ ಚಲೋ ಇತ್ರಿ. ನೀರೂ ಇತ್ತು. ಕೊನೀಗೆ ಬಂದ ಒಂದ ಹುಡುಗಿ ಗೇಟಿನ ಹೊರಗ ಒಬ್ಬಾಕಿನ ಅಳಕೋತ ಕುಂತಿದ್ಳು. ಆಕಿ ಬಾಜೂಕ ಕುಂತು, ಹ್ಯಾಂಗಾತವ್ವಾ ಓಟ ಅಂತ ಕೇಳಿದ್ನಿ. ತಾಸಗಟ್ಲೆ ಹೇಳಿದ್ಳು ನೋಡ್ರಿ. ಬರೂ ಸಲ ಓಡಾಕಿ ಆಕಿ, ಗಟ್ಟಿ ಅದಾಳ." ಅಷ್ಟು ಹೇಳಿ ಕೇಳಿದಳು: "ಇರ್ಲಿ, ನೀವು ಯಾವಾಗ ಬರ್ತೀರಿ?"

"ಸೋಮವಾರ ಬರ್ತೀನಿ ಶಾಂತವ್ವ" ಅಂದೆ.

ಫೋನಿಟ್ಟೆ. ಗಂಡ ಸೀದ ದೋಸೆಯನ್ನು ಕಾವಲಿಯಿಂದ ಕೆರೆಯುತ್ತ, ನನ್ನ ಕಡೆ ನೋಡದೆ, "ಸೋಮವಾರವೇ ಹೋಗ್ತೀಯಾ?" ಎಂದು ಕೇಳಿದ.

ಶಾಂತವ್ವನಿಗೆ ಬರ್ತೀನಿ ಅಂದಿದ್ದ ನಾನು ಅವನಿಗೆ ಹೂಂ, ಹೋಗ್ತೀನಿ ಅಂದೆ.