ಮಂದಿಯ ಮಕ್ಕಳಿಗೆ ಮಗ್ಗ, ನನಗೆ ಕಂಡಿಕೆ

ನೀವು ನಂಬುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮೂರು ಗಜೇಂದ್ರಗಡದವರಂತೂ ನಂಬುವುದೇ ಇಲ್ಲ. ರೋಣದವರು ಅರ್ಧ ನಂಬಿ ಇನ್ನರ್ಧಕ್ಕೆ ನಗುತ್ತಾರೆ. ನರಗುಂದದವರು ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಇರಲಿ. ಸಮುದ್ರ ದಾಟಿ, ಅದರಾಚೆ ರೈಲಿನಲ್ಲಿ ಕುಲುಕಿ, ಆಮೇಲೆ ದಡವೇ ಕಾಣದ ಒಂದು ಸರೋವರವನ್ನು ಸ್ಟೀಮರಿನಲ್ಲಿ ಹಾದು ಬಂದು ಮುಟ್ಟಿದ ಈ ಆಫ್ರಿಕಾದ ಊರಿನಲ್ಲಿ ನಮ್ಮಪ್ಪ ಹೆಂಗಸರನ್ನು ಮಗ್ಗದ ಕುಣಿಗೆ ಇಳಿಸುತ್ತಾನೆ. ಕೈ ಹಿಡಿದು ಇಳಿಸುತ್ತಾನೆ ಎಂದು ಬರೆಯಬೇಕೆಂದಿದ್ದೆ, ಅಷ್ಟು ಸುಳ್ಳು ಬೇಡ. ಬೆರಳು ತೋರಿಸಿ ಇಳಿಸುತ್ತಾನೆ.

ನನ್ನನ್ನು ಆ ಕುಣಿಯ ದಂಡೆಗೂ ಕೂಡಗೊಡದ ನಮ್ಮಪ್ಪ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ನೇಕಾರರ ಮನೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕೂಡುವವರು ಗಂಡಸರು. ಹೆಂಗಸರ ಜಾಗ ರಾಟಿಯ ಮುಂದೆ. ಲಾಳಿಯ ಹೊಟ್ಟೆಯೊಳಗೆ ಇಡುವ ಪುಟ್ಟ ಕೊಳವೆಗೆ ನೂಲು ಸುತ್ತಿ ಸುತ್ತಿ ಕೊಡುವುದು, ಅದೇ ಕಂಡಿಕೆ. ನಾನು ಹಾಲುಹಲ್ಲು ಬರುವ ಮೊದಲೇ ಕಂಡಿಕೆ ಸುತ್ತಿದವಳು. (ಹಲ್ಲಿನ ಮಾತು ಸ್ವಲ್ಪ ಎಳೆದದ್ದು, ಭಾಳ ಅಲ್ಲ.) ಒಮ್ಮೆ ಅಪ್ಪ ಊಟಕ್ಕೆ ಎದ್ದಾಗ ಕುಣಿಗೆ ಒಂದೇ ಒಂದು ಕಾಲು ಇಳಿಸಿದ್ದಕ್ಕೆ ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು: "ಹೆಣ್ಣು ಕುಣಿಗಿ ಇಳಿದ್ರ ಹಾಸಿನ ನೂಲು ಹರೀತಾವ! ಏಳ ಮ್ಯಾಲೆ, ಖೋಡಿ!"

ಇಂಥ ಮನೆಯಿಂದ ನಾವು ಇಲ್ಲಿಗೆ ಬಂದದ್ದು ಸೇವೆ ಮಾಡಲು. ಈ ಊರು ಟಾಂಗಾನಿಕಾ ದೇಶದ ಮ್ವಾಂಝಾ. ಇಲ್ಲಿ ಹತ್ತಿ ಬೆಳೆಯುತ್ತಾರೆ, ಬಟ್ಟೆ ಮಾತ್ರ ಹೊರಗಿನಿಂದ ಬರುತ್ತದೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ನಡೆಸುವ ಒಬ್ಬ ಗುಜರಾತಿ ಸೇಠ್ ಇಲ್ಲಿನ ಸೇವಾ ಸಂಘದ ಹಿರಿಯ. ಆತ ನರಗುಂದದ ಹತ್ತಿ ವ್ಯಾಪಾರಿಗಳ ಕೂಡ ನಮ್ಮೂರಿನ ಸೇವಾ ಸಂಘಕ್ಕೆ ಹೇಳಿ ಕಳಿಸಿದ: ನೇಯ್ಗೆ ಕಲಿಸಲು ಒಬ್ಬ ಸ್ವಯಂಸೇವಕ ಬೇಕು. ಸಂಘದ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಹಾದ ಬಟ್ಟಲು ನೋಡುತ್ತ ಕೂತಾಗ ಅಪ್ಪ ಕೈ ಎತ್ತಿಬಿಟ್ಟ. ಅವ್ವ ಬಾಣಂತಿ, ಬರುವಂತಿರಲಿಲ್ಲ. ಹಾಗಾದರೆ ಪರದೇಶದಲ್ಲಿ ಅಪ್ಪನಿಗೆ ರೊಟ್ಟಿ ಬಡಿಯುವವರು ಯಾರು, ಕಂಡಿಕೆ ಸುತ್ತುವವರು ಯಾರು?

"ಈಕಿ ಮುಲ್ಕಿ ಪರೀಕ್ಷಾ ಪಾಸಾಗ್ಯಾಳ, ನಾಕು ಅಕ್ಷರ ಬರ್ತಾವ. ಈಕಿನ್ನ ಕರಕೊಂಡು ಹೋಗ್ರಿ," ಎಂದಳು ಅವ್ವ.

ಹೊಳೆಆಲೂರು ಸ್ಟೇಷನ್ನಿಗೆ ನನ್ನ ಗೆಳತಿಯರು ಕಳಿಸಲು ಬಂದಿದ್ದರು. ಅವರ ಮುಖದ ಮೇಲಿನ ಹೊಟ್ಟೆಕಿಚ್ಚು ನೋಡಿ ನನಗಾದ ಸುಖ ಹಡಗಿನಲ್ಲಿ ವಾಂತಿ ಶುರುವಾಗುವವರೆಗೂ ಉಳಿದಿತ್ತು.

ಈ ಊರಿನಲ್ಲಿ ಬಂಡೆಗಳಿವೆ. ಎಂಥ ಬಂಡೆ ಅಂತೀರಿ! ಒಂದರ ಮೇಲೊಂದು, ಮಗ್ಗುಲಲ್ಲೊಂದು, ಮನೆಯ ಹಿತ್ತಲಲ್ಲೊಂದು. ದೇವರು ಗುಡ್ಡ ಕಟ್ಟಲು ಕಲ್ಲು ತಂದು ಹಾಕಿ, ಊಟಕ್ಕೆ ಹೋದವನು ತಿರುಗಿ ಬರಲೇ ಇಲ್ಲ ಎನ್ನುವಂತೆ. ನಾನೇನು ಸೋಲುವವಳೇ? ನರಗುಂದದ ಗುಡ್ಡದ ಮೇಲೆ ನಿಂತರೆ ಮೋಡಕ್ಕೆ ತಲೆ ತಾಗದಂತೆ ಬಗ್ಗಿ ನಡೆಯಬೇಕು ಎಂದು ಇಲ್ಲಿಯವರಿಗೆ ಹೇಳಿಟ್ಟಿದ್ದೇನೆ. ನಮ್ಮಲ್ಲಿ ಮೆಣಸಿನಕಾಯಿ ಹರವಿ ಒಣಗಿಸುವ ಹಾಗೆ ಇಲ್ಲಿ ಬಂಡೆಯ ಮೇಲೆ ಬೆರಳುದ್ದದ ಮೀನು ಹರವುತ್ತಾರೆ, ಅದಕ್ಕೆ ಡಾಗಾ ಅನ್ನುತ್ತಾರೆ. ಗಾಳಿ ನಮ್ಮ ಕಡೆ ತಿರುಗಿದ ದಿನ ಅಪ್ಪ ಮೂಗಿಗೆ ಧೋತರದ ಚುಂಗು ಹಿಡಿದು ರೊಟ್ಟಿ ಉಣ್ಣುತ್ತಾನೆ. ಒಂದೇ ಕೈಯಲ್ಲಿ ಜೋಳದ ರೊಟ್ಟಿ ಮುರಿಯುವ ಆ ಆಟ ನೋಡಲು ಮಕ್ಕಳು ಬಾಗಿಲಿಗೆ ನೆರೆಯುತ್ತವೆ.

ಹೌದು, ಜೋಳ ಇಲ್ಲೂ ಇದೆ! ಮ್ತಾಮಾ ಅನ್ನುತ್ತಾರೆ. ಆದರೆ ಬಡಿಯುವುದಿಲ್ಲ. ಕುದಿಯುವ ನೀರಿಗೆ ಹಿಟ್ಟು ಸುರಿದು ಮುದ್ದೆ ತಿರುವಿ ಉಗಾಲಿ ಎಂದು ಹೆಸರಿಡುತ್ತಾರೆ. ಇಲ್ಲಿಯ ಸ್ವಾಹಿಲಿ ಮಾತು ಕಲಿಯುವುದೂ ಕಷ್ಟವಾಗಲಿಲ್ಲ. ನಮ್ಮ ಬಜಾರಿನ ದುಕಾನು ಇಲ್ಲಿ ದುಕಾ, ದವಾಖಾನೆಯ ದವಾ ಇಲ್ಲೂ ದವಾ, ಸಾಬೂನು ಸಾಬುನಿ, ಚಹಾ ಚಾಯಿ. ಊರಲ್ಲಿ ನೂಲಿಗೆ ಬಣ್ಣ ಹಾಕುವ ಮೌಲಾಸಾಬ್ ಕಾಕಾ ಬಂದಿದ್ದರೆ ಇಳಿದ ದಿನವೇ ವ್ಯಾಪಾರ ಶುರು ಮಾಡುತ್ತಿದ್ದ.

ಸೇಠ್ ಕೊಟ್ಟ ಖೋಲಿಗೆ ತಗಡಿನ ಚಾವಣಿ. ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿ ಓಣಿಯವರ ಜಗಳ ಕೇಳುತ್ತ ನಿದ್ದೆ ಹೋಗುತ್ತಿದ್ದವಳು ನಾನು. ಈ ತಗಡಿನ ಮೇಲೆ ಕಾಗೆ ಕೂಡ ಕೂಡುವುದಿಲ್ಲ, ಕಾಲು ಸುಡುತ್ತದೆ. ಮಳೆ ಬಂದರೆ ಸಂತೆಯ ಅಷ್ಟೂ ಡಬ್ಬಿ ಒಮ್ಮೆಲೇ ಉರುಳಿಸಿದ ಸದ್ದು. ಕನ್ನಡ ಆಡಲು ಅಪ್ಪ ಒಬ್ಬನೇ, ಆತ ದಿನಕ್ಕೆ ಒಂದು ಹಿಡಿ ಮಾತಿನ ಮನುಷ್ಯ. ಹಾಗಾಗಿ ಹಿತ್ತಲಿಗೆ ಬರುವ ಆಡುಗಳ ಮುಂದೆ ನಾನು ಕನ್ನಡ ಆಡುತ್ತೇನೆ. ಅವ್ವನ ಸುದ್ದಿ, ತೊಟ್ಟಿಲಿನ ಕೂಸಿನ ಸುದ್ದಿ ಎಲ್ಲ ಅವಕ್ಕೆ ಗೊತ್ತು.

ಈಗ ಶೆಡ್ಡಿನ ವಿಷಯ. ಜಿನ್ನಿನ ಮಗ್ಗುಲಲ್ಲಿ ಒಂದು ಶೆಡ್ಡು. ಅಪ್ಪ ತಾನೇ ನಿಂತು ಕುಣಿ ತೋಡಿಸಿ, ಇಲ್ಲಿನ ಬಡಗಿಗೆ ಕೈಸನ್ನೆಯಲ್ಲೇ ಹೇಳಿ ಮಗ್ಗ ಕಟ್ಟಿಸಿದ. ಕಲಿಯುವವರು ಬರುವ ದಿನ ತಲೆಗೆ ಹೊಸ ರುಮಾಲು ಸುತ್ತಿ ನಿಂತ. ಬಂದವರೆಲ್ಲ ಹೆಂಗಸರು! ಬಣ್ಣಬಣ್ಣದ ಸೀರೆಯಂಥ ಅರಿವೆ ಸುತ್ತಿಕೊಂಡು, ನಗುತ್ತ ಬಂದು ನಿಂತರು.

"ಗಣಮಕ್ಕಳು ಎಲ್ಲ್ಯದಾರ್ರಿ?" ಎಂದು ಅಪ್ಪ ಸೇಠ್‌ನನ್ನು ಕನ್ನಡದಲ್ಲೇ ಕೇಳಿದ. ಗಾಬರಿಯಲ್ಲಿ ಅವನಿಗೆ ಬರುವ ಹರಕು ಹಿಂದಿಯೂ ಮರೆತಿತ್ತು.

ಗಂಡಸರು ಜಿನ್ನಿಗೆ, ಮೀನಿಗೆ ಹೋಗುತ್ತಾರೆ, ನೇಯ್ಗೆ ಕೇಳಿದವರು ಇವರೇ ಎಂದ ಸೇಠ್.

ಆ ಸಂಜೆ ಅಪ್ಪ ರೊಟ್ಟಿ ಮುಟ್ಟಲಿಲ್ಲ. ನಾನು ಮೆಲ್ಲಗೆ ಕೆಣಕಿದೆ: "ಅಪ್ಪಾ, ಹೆಣ್ಣು ಕುಣಿಗಿ ಇಳಿದ್ರ ನೂಲು ಹರೀತಾವಂತ ಅಜ್ಜಿ ಅಂತಿದ್ಲಲಾ?"

ಆತ ಹೇಳಿದ: "ನಿಮ್ಮಜ್ಜಿ ಸಮುದ್ರ ದಾಟಿ ಬಂದಿಲ್ಲ."

ನಾನು ಮುಂದಕ್ಕೆ ಸರಿದೆ. "ಹಂಗಾರ ನಾನೂ..."

"ನೀ ಕಂಡಿಕಿ ಸುತ್ತು."

ಅಂದರೆ ಅಜ್ಜಿ ನನ್ನೊಬ್ಬಳ ಸಲುವಾಗಿ ಹಡಗು ಹತ್ತಿ ಬಂದಿದ್ದಳು!

ಅಂದಿನಿಂದ ಶೆಡ್ಡಿನ ಮೂಲೆಯಲ್ಲಿ ನಾನು ಮತ್ತು ನನ್ನ ರಾಟಿ. ಕಣ್ಣೆದುರಿಗೆ ಮಂದಿಯ ಮಕ್ಕಳು ಕುಣಿಯಲ್ಲಿ ಕೂತು ಅಪ್ಪನ ವಿದ್ಯೆಯನ್ನು ಕಾಲಿನಿಂದ ತುಳಿದು ತುಳಿದು ಕಲಿಯುತ್ತಿದ್ದರು. ಅವರೊಳಗೆ ನೇಮಾ ಎನ್ನುವವಳೊಬ್ಬಳು. ನನ್ನ ವಾರಿಗೆಯವಳೇ, ಒಂದೇ ವಯಸ್ಸು. ಉದ್ದ ಕಾಲು, ಕುಣಿಗೆ ಅಳತೆ ಕೊಟ್ಟು ಮಾಡಿಸಿದಂತೆ. ಉಳಿದವರು ಲಾಳಿಯನ್ನು ನೆಲಕ್ಕೆ ಬೀಳಿಸಿ ನಗುತ್ತಿದ್ದಾಗ ಇವಳು ಮೊಳ ಬಟ್ಟೆ ನೇಯ್ದಿದ್ದಳು. ಅಪ್ಪ ಅವಳ ಮಗ್ಗದ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳ ಪಾದವನ್ನು ಕಡ್ಡಿಯಿಂದ ಮುಟ್ಟಿ, ಯಾವ ಹಲಗೆ ಯಾವಾಗ ತುಳಿಯಬೇಕೆಂದು ತೋರಿಸುವಾಗ ನನ್ನ ಕೈಯ ನೂಲು ತಾನೇ ಹರಿಯುತ್ತಿತ್ತು. ನನಗೆ ಜ್ವರ ಬಂದಾಗಲೂ ಆತ ಅಷ್ಟು ಹೊತ್ತು ಮಗ್ಗುಲಲ್ಲಿ ಕೂತಿರಲಿಲ್ಲ.

ಆದರೆ ನನ್ನ ಕೈಯಲ್ಲಿ ಒಂದು ಅಧಿಕಾರವಿತ್ತು. ಅಪ್ಪನಿಗೆ ಸ್ವಾಹಿಲಿ ಬಾರದು. ಆತನ ಮಾತು ಅವರಿಗೆ ಮುಟ್ಟಬೇಕೆಂದರೆ ನನ್ನ ಬಾಯಿಂದಲೇ ಹೋಗಬೇಕು.

"ಭಾಳ ಚಲೋ ಐತಿ ಅನ್ನು ಆಕಿಗಿ," ಎನ್ನುವನು ಅಪ್ಪ. "ಏನ್ ಕೈ ಅದಾವ! ಹಿಂತಾ ಅಂಚು ನಮ್ಮ ಓಣ್ಯಾಗ ಯಾರೂ ತಗಿಯಾಂಗಿಲ್ಲ ಅನ್ನು."

ನಾನು ನೇಮಾಳ ಕಡೆ ತಿರುಗಿ ಗಂಭೀರವಾಗಿ ಹೇಳುವೆ: "ಪರವಾಗಿಲ್ಲವಂತೆ. ನಮ್ಮ ಓಣಿಯ ಎಮ್ಮೆ ಇದಕ್ಕಿಂತ ನೆಟ್ಟಗೆ ನಡೆಯುತ್ತದಂತೆ."

ನೇಮಾ ತಲೆ ತಗ್ಗಿಸಿ ಮತ್ತೆ ಲಾಳಿ ಎಳೆಯುವಳು. ಎಮ್ಮೆಯ ಮಾತು ಕೇಳಿದ ದಿನ ಇನ್ನೂ ನೆಟ್ಟಗೆ ನೇಯುವಳು! ನಾನು ಸುರಿದದ್ದು ವಿಷ, ಅವಳ ಬೇರಿಗೆ ಅದು ಗೊಬ್ಬರ. ಅಪ್ಪ ಇನ್ನಷ್ಟು ಹೊಗಳುವನು, ನಾನು ಇನ್ನಷ್ಟು ಎಮ್ಮೆ ಕೋಣಗಳನ್ನು ಗಜೇಂದ್ರಗಡದಿಂದ ಹೊಡೆದುಕೊಂಡು ಬರಬೇಕಾಗುವುದು. ಹೀಗೆ ಆ ಬಟ್ಟೆ ದಿನದಿನಕ್ಕೆ ಚಂದವಾಯಿತು, ನಾನು ದಿನದಿನಕ್ಕೆ ಒಣಗಿದೆ.

ಮೊನ್ನೆ ಮಧ್ಯಾಹ್ನ ಅಪ್ಪ ನೂಲು ತರಲು ಸೇಠ್‌ನ ಕೂಡ ಹೋಗಿದ್ದ. ಹೆಂಗಸರು ಉಗಾಲಿ ಉಂಡು ಸುಧಾರಿಸಿಕೊಳ್ಳುತ್ತಿದ್ದರು. ನೇಮಾ ಕುಣಿಯಲ್ಲಿ ಕೂತೇ ನನ್ನನ್ನು ಕೇಳಿದಳು. ಅವಳ ಮಾತನ್ನು ನಮ್ಮ ಮಾತಿಗೆ ತಂದರೆ ಹೀಗೆ: "ನೀ ಗುರುಗಳ ಮಗಳು. ನೀ ಯಾಕ ಎಂದೂ ಮಗ್ಗಕ್ಕ ಕೂಡೂದಿಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಬಿಡುತ್ತಾರೆಯೇ ಯಾರಾದರೂ ಇಂಥ ಅವಕಾಶ?

"ನಾನು ಕೂತರೆ ಉಳಿದವರು ಉಣ್ಣುವುದು ಹೇಗೆ?" ಎಂದೆ. "ನಮ್ಮೂರಲ್ಲಿ ನನ್ನ ಲಾಳಿ ಹೋಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ಕಡೆಗೆ ಊರ ಹಿರಿಯರೆಲ್ಲ ಕೂಡಿ ಬಂದು, ತಂಗೀ, ನಿನ್ನ ಬಟ್ಟೆ ಬಂದ ಮೇಲೆ ನಮ್ಮದನ್ನು ಯಾರೂ ಕೇಳುವುದಿಲ್ಲ, ದಯಮಾಡಿ ರಾಟಿಯ ಮುಂದೆ ಕೂಡು ಎಂದು ಕೈಮುಗಿದರು. ನನ್ನ ಮನಸ್ಸು ಮೆತ್ತಗೆ."

ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನೇಮಾ ಮಾತ್ರ ಕುಣಿಯಿಂದ ಮೇಲೆದ್ದು, ಧೂಳು ಕೊಡವಿ, "ಕರಿಬು," ಎಂದಳು. ಮನೆಗೆ ಬಂದವರಿಗೆ ಒಳಗೆ ಬಾ ಎನ್ನುವ ಮಾತು ಅದು.

ಕಾಲು ತಾವಾಗಿಯೇ ಹೊರಟವು. ಇಳಿದೆ. ಎರಡೂ ಕಾಲು! ಕುಣಿಯ ತಳದ ಮಣ್ಣು ತಣ್ಣಗಿತ್ತು. ಲಾಳಿ ಓಡಿಸುವ ಹಗ್ಗ ಹಿಡಿದು ಜಗ್ಗಿದೆ ನೋಡಿ, ಅದು ಹೋಗಬೇಕಾದ ದಾರಿ ಬಿಟ್ಟು ಹಾರಿ ಉಗಾಲಿಯ ಗಡಿಗೆಗೆ ಬಡಿಯಿತು. "ಪೋಲೆ!" ಎಂದರು ಎಲ್ಲರೂ. ಯಾರಾದರೂ ಎಡವಿದರೆ, ಬಿದ್ದರೆ, ದಣಿದರೆ ಇಲ್ಲಿ ಹೀಗೆ ಮರುಗುತ್ತಾರೆ. ಬೈದಿದ್ದರೆ ಚಲೋ ಇತ್ತು.

"ನಮ್ಮೂರ ಲಾಳಿ ಹೀಗಿರುವುದಿಲ್ಲ," ಎಂದೆ.

ನೇಮಾ ನಗಲಿಲ್ಲ. ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿ ತೆಗೆದುಕೊಂಡು ನನ್ನ ಪಾದ ಮುಟ್ಟಿದಳು. ಥೇಟ್ ಅಪ್ಪನ ಹಾಗೆ. ಎಡ, ಜಗ್ಗು, ಬಡಿ. ಬಲ, ಜಗ್ಗು, ಬಡಿ. ನಮ್ಮಪ್ಪನ ವಿದ್ಯೆ ಪರದೇಶದ ಹುಡುಗಿಯ ಕೈಯಿಂದ ನನಗೆ ಬರಬೇಕೇ! ಕಣ್ಣೀರು ಬಂದಿತು ಎಂದು ಬರೆದರೆ ನಂಬಬೇಡಿ, ಹತ್ತಿಯ ಎಳೆ ಹೋಗಿತ್ತು. ಎಷ್ಟೋ ಹೊತ್ತಿನ ಮೇಲೆ ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ, ಆ ಕಡೆಯಿಂದ ಈ ಕಡೆಗೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಒಂದು ಎಳೆಯೂ ಹರಿಯಲಿಲ್ಲ. ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಲುಲುಲು ಎಂದು ಉಲಿದರು. ನಾನು ಗತ್ತಿನಿಂದ ಕತ್ತು ಎತ್ತಿದೆ.

ಬಾಗಿಲಲ್ಲಿ ನೂಲಿನ ಗಂಟು ಹೊತ್ತು ಅಪ್ಪ ನಿಂತಿದ್ದ.

ಉಲಿ ನಿಂತಿತು. ಅಪ್ಪ ಗಂಟು ಇಳಿಸಿ, ಮಗ್ಗದ ಹತ್ತಿರ ಬಂದು, ನಾನು ನೇಯ್ದ ನಾಲ್ಕು ಬೆರಳಗಲದ ಬಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಅಂಚು ಮಲಪ್ರಭಾ ಹೊಳೆಯ ಹಾಗೆ ಹೊರಳಿತ್ತು. ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.

ಆಗ ನೇಮಾ ಎದ್ದು ನಿಂತು ಹೇಳಿದಳು, ಸ್ವಾಹಿಲಿಯಲ್ಲಲ್ಲ: "ಭಾಳ ಚಲೋ ಐತಿ. ಏನ್ ಕೈ ಅದಾವ!"

ಅಪ್ಪ ಬೆರಗಾಗಿ ಅವಳನ್ನು ನೋಡಿದ. ನಾನು ಬೆವತು ಅವಳನ್ನು ನೋಡಿದೆ. ಕೇಳಿ ಕೇಳಿಯೇ ಕಲಿತಿದ್ದ ಅವಳಿಗೆ ಇಷ್ಟು ದಿನ ಅಪ್ಪನ ಮಾತು ನೆಟ್ಟಗೇ ಮುಟ್ಟುತ್ತಿತ್ತು. ನನ್ನ ಎಮ್ಮೆಗಳನ್ನೆಲ್ಲ ಅವಳು ಸುಮ್ಮನೆ ಮೇಯಲು ಬಿಟ್ಟಿದ್ದಳು.

"ಏಳು," ಎಂದ ಅಪ್ಪ. ಎದ್ದೆ. "ನಾಳಿಂದ ಮುಂಜಾನಿ ಕಂಡಿಕಿ ಮುಗಿಸಿ ಇಲ್ಲಿ ಕೂಡು. ಎಡಗಾಲು ತಡಾ ಮಾಡ್ತಿ, ಅದಕ್ಕ ಅಂಚು ಸೊಟ್ಟ."

ನಾನು ಕುಣಿಯ ದಂಡೆಯಲ್ಲೇ ಕುಣಿದುಬಿಡುತ್ತಿದ್ದೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅಪ್ಪಾ, ಊರಿಗಿ ಹೋದಮ್ಯಾಲೂ ಕೂಡಲಿ?"

ಆತ ನೂಲಿನ ಗಂಟು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಇಲ್ಲಿ ನೀ ಇವರಂಗ ಕಲಿಯಾಕ ಬಂದಾಕಿ, ತಂಗಿ. ಊರಾಗ ನಮ್ಮ ಮನಿ ಮಗಳು."

ಸಿಟ್ಟಿನಿಂದ ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ. ಮೆತ್ತಗೆ ಹೇಳಿದ, ಎಲ್ಲ ಅಲ್ಲಿಗೆ ಮುಗಿಯಿತು. ನಾನು ರಾಟಿಯ ಮುಂದೆ ಹೋಗಿ ಕೂತೆ. ನೇಮಾ ಮತ್ತೆ ಕುಣಿಗೆ ಇಳಿದಳು. ಹೊತ್ತು ಇಳಿಯುವ ಮೊದಲೇ ಅವಳ ಅವ್ವ ಬಾಗಿಲಿಗೆ ಬಂದು ಕರೆದಳು, ಅವಳು ಎದ್ದು, ನಾಳೆ ಬರುತ್ತೇನೆ ಎಂದು ಕೈಬೀಸಿ, ಅವ್ವನ ಸೊಂಟಕ್ಕೆ ಕೈಹಾಕಿಕೊಂಡು ಹೊರಟುಹೋದಳು. ಅವಳ ಮಗ್ಗ, ಅವಳ ಅವ್ವ, ಎರಡೂ ಒಂದೇ ಊರಿನಲ್ಲಿವೆ. ಅದು ಎಂಥ ಭಾಗ್ಯ ಎಂದು ಅವಳಿಗೆ ಗೊತ್ತೂ ಇಲ್ಲ.