ಗುಡ್ಡದ ಬಸ್ಸೂ ಅಮೆರಿಕದ ಅಧ್ಯಕ್ಷರೂ

ನಾನು ಅಮೆರಿಕ ನೋಡಿಲ್ಲ. ನೋಡುವ ಆಸೆಯೂ ಈಗ ಉಳಿದಿಲ್ಲ. ಆದರೆ ಅಲ್ಲಿನ ಅಧ್ಯಕ್ಷರು ಏನು ಮಾಡಬಹುದು, ಏನು ಮಾಡಬಾರದು, ಮಾಡಬಾರದ್ದನ್ನು ಮಾಡಿದರೆ ಯಾವ ಕೋರ್ಟು ತಡೆಯಬೇಕು, ತಡೆದರೆ ಅವರು ಕೇಳಬೇಕೋ ಬೇಡವೋ ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಾಗೆಂದು ನಾನು ಕಾನೂನು ಓದಿದವಳಲ್ಲ. ದಾವಣಗೆರೆಯಲ್ಲಿ ನರ್ಸಿಂಗ್ ಕಲಿತು, ಇಲ್ಲಿ ನ್ಯೂಜಿಲೆಂಡಿನ ಪೊರಿರುವಾದಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುತ್ತಿರುವವಳು. ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡಿದ್ದೇ ನನ್ನ ಎಲ್‌ಎಲ್‌ಬಿ.

ಪಾಠ ಮಾಡುವವರು ಇಬ್ಬರು. ಒಬ್ಬರು ನಮ್ಮ ಮನೆಯವರು, ಮೈಸೂರಿನ ರವಿ. ಇನ್ನೊಬ್ಬರು ಹುಬ್ಬಳ್ಳಿಯ ಇಮ್ತಿಯಾಜ್. ಓದಲೆಂದು ನ್ಯೂಜಿಲೆಂಡಿಗೆ ಬಂದಾಗ ಇಬ್ಬರೂ ಫ್ಲ್ಯಾಟ್‌ಮೇಟ್‌ಗಳಾಗಿದ್ದವರು. ಒಂದೇ ಹೀಟರಿನ ಮುಂದೆ ಚಳಿಗಾಲ ಕಳೆದವರು. ಈಗ ಒಬ್ಬರು ಲೆಕ್ಕಪತ್ರ ನೋಡುತ್ತಾರೆ, ಇನ್ನೊಬ್ಬರು ಜಮೀನು ಅಳೆಯುತ್ತಾರೆ. ಇಬ್ಬರಿಗೂ ಅಮೆರಿಕದಲ್ಲಿ ಓಟಿಲ್ಲ, ಆಸ್ತಿಯಿಲ್ಲ, ಹೇಳಿಕೊಳ್ಳುವಂಥ ನೆಂಟರೂ ಇಲ್ಲ. ಆದರೂ ಶನಿವಾರ ಊಟಕ್ಕೆ ಮುಂಚೆ ಸೋಫಾದ ಎರಡು ತುದಿಗೆ ಇಬ್ಬರೂ ಕೂತರೆಂದರೆ ಜಗಳ ಶುರು.

"ಜನ ಓಟ್ ಹಾಕಿ ಕಳ್ಸಿದಾರೆ ಕಣಯ್ಯ. ಯಾವ್ದೋ ಮೂಲೇಲಿ ಕೂತಿರೋ ಒಬ್ಬ ಜಡ್ಜು ಬೇಡ ಅಂದ್ರೆ ಇಡೀ ದೇಶ ನಿಂತ್ಬಿಡ್ಬೇಕಾ?" ಎಂದು ಇವರು.

"ಲೇ ರವಿ, ಓಟ್ ಹಾಕಿದ್ದು ಅಧ್ಯಕ್ಷ ಆಗ್ಲಿಕ್ಕೆ, ರಾಜಾ ಆಗ್ಲಿಕ್ಕೆ ಅಲ್ಲ. ಕೋರ್ಟ್ ಬ್ಯಾಡ ಅಂದ್ರ ಬ್ಯಾಡ, ಮುಗೀತು. ವೈನೀ, ನೀವ ಹೇಳ್ರಿ ಇವಂಗ," ಎಂದು ಇಮ್ತಿಯಾಜ್.

ಈ ವೈನಿ ಹೇಳಿದರೆ ಕೇಳುವವರು ಯಾರು? ನನ್ನ ಕೈಯಲ್ಲಿ ಸೌಟಿರುತ್ತದೆ. ಮಗಳು ಅನು ಮಾತ್ರ ಒಮ್ಮೆ ಫೋನಿನಿಂದ ತಲೆಯೆತ್ತಿ, "ಡ್ಯಾಡ್, ವಿ ಡೋಂಟ್ ಈವನ್ ಲಿವ್ ದೇರ್," ಎಂದಳು. ನನ್ನ ಪ್ರಕಾರ ಆ ಇಡೀ ಚರ್ಚೆಯಲ್ಲಿ ಯಾರಾದರೂ ಆಡಿದ ತೂಕದ ಮಾತು ಅದೊಂದೇ. ಅಪ್ಪ ಅವಳಿಗೆ, ಅಲ್ಲಿ ಆಗಿದ್ದು ಪ್ರಪಂಚಕ್ಕೆಲ್ಲ ಆಗುತ್ತದೆಂದು ವಿವರಿಸಲು ಹೊರಟರು. ಅವಳು ಎದ್ದು ರೂಮಿಗೆ ಹೋದಳು.

ವಿಷಯ ಸಣ್ಣದೆಂದು ನಾನು ಹೇಳುವುದಿಲ್ಲ. ಯೋಚಿಸಿದರೆ ನನಗೂ ಭಯವಾಗುತ್ತದೆ. ಅಧ್ಯಕ್ಷರ ಹತ್ತಿರ ಸೈನ್ಯವಿದೆ, ಪೊಲೀಸರಿದ್ದಾರೆ, ಕ್ಯಾಮೆರಾದ ಮುಂದೆ ದಪ್ಪ ಪೆನ್ನಿನಿಂದ ಸಹಿ ಮಾಡುವ ಹಕ್ಕಿದೆ. ನ್ಯಾಯಾಧೀಶರ ಹತ್ತಿರ ಇರುವುದು ಬರೆದ ತೀರ್ಪು ಮಾತ್ರ. ಎದುರಿನವರು ಓದಿ, ಸರಿ ಎಂದು ತಲೆಬಾಗಿದರಷ್ಟೇ ಅದಕ್ಕೆ ಬೆಲೆ. ವಾರ್ಡಿನಲ್ಲಿ ನಾನು ಹೊಸದಾಗಿ ಶಸ್ತ್ರಚಿಕಿತ್ಸೆಯಾದ ಆರಡಿ ಆಸಾಮಿಗೆ ಮಂಚದಿಂದ ಇಳಿಯಬೇಡಿ ಎಂದು ಹೇಳುವ ಹಾಗೆಯೇ ಇದೂ. ಅವನು ಇಳಿದೇ ಇಳಿಯುತ್ತೇನೆಂದು ಹೊರಟರೆ ನಾನು ಹಿಡಿದು ನಿಲ್ಲಿಸಬಲ್ಲೆನೆ? ಸಾಮಾನ್ಯವಾಗಿ ಇಳಿಯುವುದಿಲ್ಲ, ಆ ಒಂದು ಮರ್ಯಾದೆಯ ಮೇಲೆ ಆಸ್ಪತ್ರೆ ನಡೆಯುತ್ತಿದೆ.

ಒಂದು ದಿನ ರೇಗಿ ಹೋಗಿ ನಾನೂ ಬಾಯಿ ಹಾಕಿದೆ. ನಾವಿರುವ ಈ ದೇಶದಲ್ಲಿ ಸಂವಿಧಾನ ಎಂಬ ಒಂದು ಪುಸ್ತಕವೇ ಇಲ್ಲ, ಪಾರ್ಲಿಮೆಂಟಿಗೆ ಇರುವುದು ಒಂದೇ ಸದನ, ಅದು ಮಾಡಿದ ಶಾಸನವನ್ನು ರದ್ದು ಮಾಡುವ ಅಧಿಕಾರ ಇಲ್ಲಿನ ಕೋರ್ಟಿಗಿಲ್ಲ, ಬಹುಮತವಿದ್ದ ಸರ್ಕಾರ ಅವಸರವೆಂದು ಹೇಳಿ ಕಾನೂನನ್ನು ತರಾತುರಿಯಲ್ಲಿ ಪಾಸು ಮಾಡಿಕೊಳ್ಳಬಹುದು, ಅದರ ಬಗ್ಗೆ ನಿಮಗಿಬ್ಬರಿಗೂ ಚಿಂತೆಯಿಲ್ಲವೇ ಎಂದು ಕೇಳಿದೆ. ಇವರು, "ಅದ್ ಬಿಡು, ಇಲ್ಲಿ ಯಾರೂ ಹಂಗೆಲ್ಲ ಮಾಡಲ್ಲ," ಎಂದರು. ಇಮ್ತಿಯಾಜ್ ಹೂಂಗುಟ್ಟಿದರು. ಅಪರೂಪಕ್ಕೆ ಇಬ್ಬರಿಗೂ ಒಮ್ಮತ ಬಂದದ್ದು ನಾನು ಹೇಳಿದ್ದನ್ನು ತಳ್ಳಿಹಾಕುವುದರಲ್ಲಿ.

ನನ್ನ ಸಂಕಟ ಬೇರೆ ಇತ್ತು. ನಮ್ಮ ಮನೆ ಗುಡ್ಡದ ನೆತ್ತಿಯಲ್ಲಿದೆ. ಇರುವ ಒಂದು ಕಾರನ್ನು ಇವರು ಬೆಳಿಗ್ಗೆ ಒಯ್ಯುತ್ತಾರೆ. ನಾನು ಇಳಿಯುವುದೂ ಹತ್ತುವುದೂ ಗುಡ್ಡದ ಬಸ್ಸಿನಲ್ಲಿ. ಅದನ್ನು ನಿಲ್ಲಿಸುವ ಆಲೋಚನೆಯಿದೆಯೆಂದು ಬಸ್ ಸ್ಟಾಪಿನ ಕಂಬಕ್ಕೆ ಒಂದು ನೋಟೀಸು ಅಂಟಿಸಿದ್ದರು. ಶಿಫ್ಟು ಪೂರ್ತಿ ಕೂರದೆ ಓಡಾಡಿ, ಮುಖಕ್ಕೆ ರಾಚುವ ಇಲ್ಲಿನ ಗಾಳಿಯಲ್ಲಿ ಆ ಏರು ಹತ್ತುವುದೆಂದರೆ ನನ್ನ ಮಂಡಿಗೆ ಸಾಧ್ಯವಿಲ್ಲ. ಬಸ್ಸು ಹೋದರೆ ನಾನು ಆ ಕೆಲಸ ಬಿಡಬೇಕು, ಇಲ್ಲವೇ ದಿನಾ ಯಾರ ಕಾರಿಗಾದರೂ ಕೈ ಚಾಚಬೇಕು. ಮನೆಯಲ್ಲಿ ಹೇಳಿದೆ. "ಹೌದಾ? ಏನಾದ್ರೂ ಮಾಡೋಣ," ಎಂದರು ಇವರು, ಕಣ್ಣು ಟೀವಿಯ ಮೇಲೆ. ಅಲ್ಲಿ ಅಧ್ಯಕ್ಷರು ಸಹಿ ಹಾಕುತ್ತಿದ್ದರು.

ಅಷ್ಟರಲ್ಲಿ ಸ್ಥಳೀಯ ಕೌನ್ಸಿಲ್ ಚುನಾವಣೆ ಬಂತು. ಈ ದೇಶದ ದೊಡ್ಡ ಮನಸ್ಸು ನೋಡಿ, ಪೌರತ್ವವಿಲ್ಲದಿದ್ದರೂ ಖಾಯಂ ನಿವಾಸಿಗಳಾದ ನಮಗೂ ಓಟಿದೆ. ಅದೂ ಕ್ಯೂನಲ್ಲಿ ನಿಲ್ಲಬೇಕಿಲ್ಲ, ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಗುಡ್ಡಕ್ಕೆ ಬಸ್ಸು ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರನ್ನು ಆರಿಸುವ ಕಾಗದವದು. ನನ್ನದನ್ನು ತುಂಬಿ ಹಾಕಿ ಬಂದೆ. ಇವರದನ್ನು ಕಣ್ಣಿಗೆ ಬೀಳಲೆಂದು ಟೀಪಾಯಿಯ ಮೇಲಿಟ್ಟೆ. ಶನಿವಾರ ಊಟಕ್ಕೆ ಕರೆಯಲು ಹೋಗಿ ನೋಡಿದರೆ, ಲಕೋಟೆಯ ಹಿಂಭಾಗದಲ್ಲಿ ಪೆನ್ನಿನಿಂದ ಬರೆದ ಮೂರು ಚೌಕ! ಒಂದು ಅಧ್ಯಕ್ಷರಂತೆ, ಒಂದು ಕಾಂಗ್ರೆಸ್ಸಂತೆ, ಒಂದು ಸುಪ್ರೀಂ ಕೋರ್ಟಂತೆ. ಒಂದರಿಂದ ಒಂದಕ್ಕೆ ಬಾಣಗಳು. ಇಮ್ತಿಯಾಜ್‌ಗೆ ಅರ್ಥವಾಗಲೆಂದು ಇವರು ಬರೆದದ್ದು. ಇಮ್ತಿಯಾಜ್ ಅದನ್ನು ಕೆಂಪು ಪೆನ್ನಿನಿಂದ ತಿದ್ದಿದ್ದರು.

ನನಗೆ ಬಂದ ಸಿಟ್ಟಿಗೆ ಪಲ್ಯ ಹಾಗೇ ಒಲೆಯ ಮೇಲೆ ಸೀದುಹೋಯಿತು. ಎದುರಿಗೆ ನಿಂತು, ಈಗಲೇ ತುಂಬಿ ಎಂದೆ. ಇವರು ಮತಪತ್ರ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಅಭ್ಯರ್ಥಿಗಳ ಹೆಸರುಗಳನ್ನು ಮೇಲಿಂದ ಕೆಳಗೆ ಓದಿದರು. ಅಮೆರಿಕದ ಒಬ್ಬೊಬ್ಬ ನ್ಯಾಯಾಧೀಶರನ್ನು ಯಾವ ಅಧ್ಯಕ್ಷರು ನೇಮಿಸಿದರೆಂದು ಬಾಯಿಪಾಠ ಒಪ್ಪಿಸುವ ಆ ಮನುಷ್ಯ ಕೊನೆಗೆ ತಲೆಯೆತ್ತಿ ಕೇಳಿದರು: "ಇವ್ರೆಲ್ಲ ಯಾರೇ?"

ಅಂತೂ ಚುನಾವಣೆ ಮುಗಿಯಿತು. ನಮ್ಮ ಭಾಗದಿಂದ ಕೌನ್ಸಿಲ್‌ಗೆ ಗೆದ್ದ ಹಿರಿಯರೊಬ್ಬರು ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕೂತು ಜನರ ಅಹವಾಲು ಕೇಳುತ್ತಾರೆ, ಬಸ್ಸಿನ ಬಗ್ಗೆ ಹೇಳುವುದಿದ್ದರೆ ಇದೇ ಕೊನೆಯ ಅವಕಾಶ ಎಂದು ಪ್ರಕಟಣೆ ಬಂತು. ಗಂಡಸರನ್ನು ನಂಬಿದ್ದು ಸಾಕೆಂದು ನಾನೇ ಹೊರಟೆ. ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ: ಶಿಫ್ಟು, ಏರು, ಗಾಳಿ, ಮಂಡಿ.

ಲೈಬ್ರರಿಯ ಮೂಲೆಯಲ್ಲಿ ಒಂದು ಮೇಜು, ಒಂದು ತಟ್ಟೆ ಬಿಸ್ಕತ್ತು, ಹಿಂದೆ ಅವರು. ಬೇರೆ ನರಪಿಳ್ಳೆ ಇಲ್ಲ. ನನ್ನನ್ನು ಕಂಡು ಅವರಿಗೆ ಆದ ಸಂತೋಷ ನೋಡಿ ನನಗೇ ಸಂಕೋಚವಾಯಿತು. ಕೂರಿಸಿದರು, ಬಿಸ್ಕತ್ತು ಕೊಟ್ಟರು, ಊರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ನಿಟ್ಟುಸಿರು ಬಿಟ್ಟು, ಅಲ್ಲಮ್ಮ, ಆ ಅಮೆರಿಕದ ಅಧ್ಯಕ್ಷರನ್ನು ತಡೆಯುವವರು ಯಾರೂ ಇಲ್ಲವೇ, ನಿನಗೇನನ್ನಿಸುತ್ತದೆ ಎಂದು ಕೇಳಿದರು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ! ಇಷ್ಟು ಶನಿವಾರಗಳಿಂದ ಒಳಗೆ ತುಂಬಿಕೊಂಡಿದ್ದೆಲ್ಲ ಒಟ್ಟಿಗೆ ಹೊರಬಂತು. ಇವರ ವಾದವನ್ನೂ ಹೇಳಿದೆ, ಇಮ್ತಿಯಾಜ್ ವಾದವನ್ನೂ ಹೇಳಿದೆ, ಎರಡನ್ನೂ ನಾನೇ ಖಂಡಿಸಿದೆ. ತುರ್ತು ಪರಿಸ್ಥಿತಿ, ವೀಟೋ, ಕ್ಷಮಾದಾನ, ಒಂದನ್ನೂ ಬಿಡಲಿಲ್ಲ. ತೀರ್ಪಿಗೆ ಕೈಕಾಲಿಲ್ಲ, ಕೇಳುವವರ ಮರ್ಯಾದೆಯೇ ಅದರ ಬಲ ಎಂದೆ. ಜನರ ದೂರು ಬರೆದುಕೊಳ್ಳಲು ತಂದಿದ್ದ ಪುಸ್ತಕದಲ್ಲಿ ಅವರು ಅದನ್ನು ಗುರುತು ಹಾಕಿಕೊಂಡರು. ಮಕ್ಕಳ ಕಥೆಯ ಹೊತ್ತಾಯಿತೆಂದು ಲೈಬ್ರರಿಯಾಕೆ ಬಂದು ಮೇಜು ಕೇಳಿದಾಗ ಅವರು ಎದ್ದು ನನ್ನ ಕೈ ಕುಲುಕಿ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಎಂದರು. ನಾನು ಉಬ್ಬಿಹೋದೆ.

ಬಸ್ಸಿನ ವಿಷಯ ನೆನಪಾದದ್ದು ಸ್ಟಾಪಿಗೆ ಬಂದು ಕಂಬದ ನೋಟೀಸು ಕಂಡಾಗ. ಎದ್ದುಬಿದ್ದು ವಾಪಸು ಓಡಿದೆ. ಮೇಜಿನ ಸುತ್ತ ಮಕ್ಕಳು ಕೂತಿದ್ದರು, ಆ ಹಿರಿಯರು ಹೊರಟುಹೋಗಿದ್ದರು.

ನನ್ನ ಮೇಲೆ ನನಗೇ ಅಳು ಬರುವಷ್ಟು ಸಿಟ್ಟು ಬಂತು. ಬಸ್ಸಿನಲ್ಲಿ ಕೂತಾಗ ಒಂದು ಸಂಗತಿ ಹೊಳೆಯಿತು. ಅವರು ಅಮೆರಿಕದ ಮಾತೆತ್ತಿದಾಗ ನನಗೆ ನಿಜವಾಗಿ ಆದದ್ದು ಸಮಾಧಾನ. ಎಂದೂ ಕಾಣದ ಅಧ್ಯಕ್ಷರಿಗೆ ಅಂಕೆ ಹಾಕಲು ಎದೆಗಾರಿಕೆ ಬೇಕಿಲ್ಲ, ಅವರು ತಿರುಗಿ ಇಲ್ಲ ಎನ್ನುವುದಿಲ್ಲ. ಎದುರಿಗೆ ಕೂತು ಬಿಸ್ಕತ್ತು ಕೊಟ್ಟವರ ಮುಂದೆ, ನನ್ನ ಮಂಡಿ ನೋಯುತ್ತದೆ, ನನ್ನ ಬಸ್ಸು ತೆಗೆಯಬೇಡಿ ಎಂದು ಕೇಳಲು ಬಾಯಿ ಬರಬೇಕು. ಮನೆಯಲ್ಲಿ ಆ ಇಬ್ಬರು ಗಂಡಸರೂ ಸೋಫಾದ ಮೇಲೆ ಮಾಡುತ್ತಿರುವುದೂ ಇದೇ ಇರಬೇಕು.

ಬಾಗಿಲು ತೆಗೆದರೆ ಟೀವಿ ಆರಿತ್ತು. ಇಬ್ಬರೂ ತಪ್ಪಿತಸ್ಥರ ಹಾಗೆ ನನಗಾಗಿ ಕಾಯುತ್ತಿದ್ದರು.

"ಏನಂದ್ರು, ವೈನೀ?" ಎಂದರು ಇಮ್ತಿಯಾಜ್.

"ಅಧ್ಯಕ್ಷರು ಕೋರ್ಟಿನ ಮಾತು ಕೇಳ್ಲೇಬೇಕು ಅಂತ ಒಪ್ಕೊಂಡ್ರು," ಎಂದೆ, ಚಪ್ಪಲಿ ಬಿಚ್ಚುತ್ತ.